"ಹೊಟ್ಟಿ ಬಂತಲ್ಲಲೇ" ಅನ್ನೋ ಮಹಾನುಭಾವರಿಗೆ

ಇವತ್ತು ಬೆಳಿಗ್ಗೆ ಬಳ್ಳಾರಿ ಹಳೇ ಬಸ್‌ಸ್ಟ್ಯಾಂಡ್ ಕಡೆ ಒಂದು ಚಹಾದಂಗಡಿ. ಸಿಗರೇಟು ಬಿಟ್ಟು ಎರಡು ತಿಂಗಳಾದ ಒಬ್ಬರ ಹೊಟ್ಟೆಗೆ ಗೆಳೆಯ ಬೆರಳಿನಿಂದ ತಿವಿದು, "ಏನಲೇ, ಎಷ್ಟ್ ತಿಂಗಳು? ಇದಕ್ಕಿಂತ ಸೇದೋದೇ ಚೊಲೋ ಇತ್ತು ನೋಡು" ಅಂತ ಪ್ಯಾಕೆಟ್ ಮುಂದೆ ಹಿಡಿದ. ಸುತ್ತ ಇದ್ದವರು ನಕ್ಕರು. ಸಿಗರೇಟು ಬಿಟ್ಟಿದ್ದವರೂ ನಕ್ಕು ಒಂದು ತಗೊಂಡರು. ಅರವತ್ತು ದಿನದ ತಪಸ್ಸು ಅಲ್ಲಿಗೆ ಮುಗೀತು.

ಈ ವಿಷಯ ಬಂದ್ರೆ ನಾನು ಉರಿದು ಬೀಳ್ತೀನಿ, ಯಾಕೆ ಅಂತ ಕೊನೆಗೆ ಹೇಳ್ತೀನಿ. ಮೊದಲು ಬರೀ ಲೆಕ್ಕ ಹೇಳ್ತೀನಿ. ಹೊಟ್ಟೆಗೆ ತಿವಿಯೋರಿಗೆ ಲೆಕ್ಕ ಬರಲ್ಲ, ಅದೇ ತೊಂದರೆ.

ಸಿಗರೇಟಿನಲ್ಲಿರೋ ನಿಕೋಟಿನ್ ಮೈಯೊಳಗೆ ಎರಡು ಕೆಲಸ ಮಾಡುತ್ತೆ. ಒಂದು, ಮೆದುಳಿನಲ್ಲಿ ಹಸಿವನ್ನ ಅದುಮಿಡುತ್ತೆ. ಇನ್ನೊಂದು, ಸುಮ್ಮನೆ ಕೂತಾಗಲೂ ಮೈ ಸ್ವಲ್ಪ ಹೆಚ್ಚು ಕ್ಯಾಲೊರಿ ಸುಡೋ ಹಾಗೆ ಮಾಡುತ್ತೆ. ದಿನಕ್ಕೊಂದು ಪ್ಯಾಕಿಗಿಂತ ಹೆಚ್ಚು ಸೇದೋರಲ್ಲಿ ಈ ಹೆಚ್ಚುವರಿ ಖರ್ಚು ಸುಮಾರು 200 ಕ್ಯಾಲೊರಿ. ಬಿಟ್ಟ ದಿನದಿಂದ ಆ ಖರ್ಚು ನಿಂತುಹೋಗುತ್ತೆ. ದಿನಕ್ಕೆ 200 ಅಂದ್ರೆ ತಿಂಗಳಿಗೆ 6000. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700. ಅಂದ್ರೆ ಒಂದು ತುತ್ತೂ ಹೆಚ್ಚಿಗೆ ತಿನ್ನದೆ ತಿಂಗಳಿಗೆ ಮುಕ್ಕಾಲು ಕೆಜಿ, ಮೂರು ತಿಂಗಳಿಗೆ ಎರಡು ಕೆಜಿ ಮೇಲೆ. ಇದರಲ್ಲಿ ಆ ಮನುಷ್ಯನ ಹೊಟ್ಟೆಬಾಕತನ ಎಲ್ಲಿಂದ ಬಂತು? ಬಿಟ್ಟವರು ಮೊದಲ ವರ್ಷ ಏರೋದು ಸರಾಸರಿ 4ರಿಂದ 5 ಕೆಜಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಮೂರು ತಿಂಗಳಲ್ಲೇ. ಆಮೇಲೆ ವೇಗ ಇಳಿಯುತ್ತೆ. ಹತ್ತು ಕೆಜಿ ದಾಟೋರೂ ಇದ್ದಾರೆ, ಒಂದು ಗ್ರಾಮೂ ಏರದೆ ಇಳಿಯೋರೂ ಇದ್ದಾರೆ.

ಉಳಿದದ್ದು ನಾಲಿಗೆ ಮತ್ತು ಕೈ. ಕೆಲವೇ ದಿನದಲ್ಲಿ ವಾಸನೆ, ರುಚಿ ವಾಪಸ್ ಬರುತ್ತೆ. ವರ್ಷಗಟ್ಟಲೆ ಹೊಗೆಯಲ್ಲಿ ಸತ್ತಿದ್ದ ನಾಲಿಗೆಗೆ ಒಗ್ಗಾಣಿ ಮಿರ್ಚಿ ಸಿಕ್ಕರೆ ಒಂದಕ್ಕೆ ನಿಲ್ಲುತ್ತಾ? ಎಣ್ಣೆ ಎಷ್ಟು ಕುಡಿದಿದೆ ನೋಡಿಕೊಂಡು ಒಂದು ಮಿರ್ಚಿಗೆ 100ರಿಂದ 150 ಕ್ಯಾಲೊರಿ. ಕೈಗೆ ಕೆಲಸ ಬೇಕು ಅಂತ ಜೇಬು ತುಂಬ ಪೆಪ್ಪರ್‌ಮೆಂಟು ಇಟ್ಕೊಳ್ಳೋರು ಇನ್ನೊಂದು ಜಾತಿ. ಒಂದಕ್ಕೆ 20 ಕ್ಯಾಲೊರಿ, ಹದಿನೈದು ಚೀಪಿದರೆ 300. ಸಿಗರೇಟಿನ ಲೆಕ್ಕಕ್ಕಿಂತ ಹೆಚ್ಚಾಯ್ತು.

ಚಹಾ ವಿಷಯ ನಮ್ಮ ಕಡೆ ಯಾರೂ ಹೇಳಲ್ಲ, ಇದೇ ಮುಖ್ಯ. ಹೊಗೆಯಲ್ಲಿರೋ ಟಾರು ಲಿವರಿನ ಒಂದು ಕಿಣ್ವವನ್ನ ಕೆಣಕಿ ಕೆಫೀನನ್ನ ಬೇಗ ಬೇಗ ಹೊರಹಾಕಿಸ್ತಿರುತ್ತೆ. ಸೇದೋದು ನಿಂತ ಕೆಲವೇ ದಿನದಲ್ಲಿ ಆ ವೇಗ ಇಳಿಯುತ್ತೆ. ಅದೇ ಆರು ಚಹಾ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಕೈ ನಡುಕ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಜನ ಇದನ್ನೆಲ್ಲ "ಸಿಗರೇಟು ಬಿಟ್ಟಿದ್ದಕ್ಕೆ" ಅಂತ ತಿಳ್ಕೊಂಡು ಮತ್ತೆ ಹಚ್ತಾರೆ. ನಿದ್ದೆಗೆಟ್ಟ ಮೈ ಮರುದಿನ ಸಿಹಿ, ಕರಿದದ್ದು ಕೇಳುತ್ತೆ, ಅಲ್ಲೂ ತೂಕ. ಅದಕ್ಕೇ ಬಿಟ್ಟ ದಿನದಿಂದಲೇ ಚಹಾ ಅರ್ಧಕ್ಕೆ ಇಳಿಸಿ, ಮಧ್ಯಾಹ್ನ ಮೂರರ ಮೇಲೆ ಬೇಡ. ಆಸ್ತಮಾಗೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ತಗೊಳ್ಳೋರು ಬಿಡೋ ಮೊದಲೇ ಡಾಕ್ಟರಿಗೆ ಹೇಳಬೇಕು. ಇದೇ ಕಾರಣಕ್ಕೆ ಅವುಗಳ ಡೋಸೂ ಏರುಪೇರಾಗುತ್ತೆ.

ಈಗ ಆ 200 ತುಂಬಿಸೋದು ಹೇಗೆ. ದಿನಕ್ಕೆ ನಾಲ್ಕು ಚಹಾ ಇದ್ದರೆ ಒಂದೊಂದರಲ್ಲಿ ಒಂದು ಚಮಚ ಸಕ್ಕರೆ ಕಮ್ಮಿ ಮಾಡಿ. ಚಮಚಕ್ಕೆ 20ರಂತೆ 80 ಹೋಯ್ತು. 70 ಕೆಜಿ ತೂಕದವರು ಅರ್ಧ ಗಂಟೆ ಬಿರುಸಾಗಿ ನಡೆದರೆ 130ರ ಮೇಲೆ. ಕೂಡಿಸಿ ನೋಡಿ, ಲೆಕ್ಕ ಚುಕ್ತಾ. ಉಪವಾಸ ಬೇಡ, ಸಾವಿರಗಟ್ಟಲೆ ರೂಪಾಯಿ ಪೌಡರ್ ಡಬ್ಬಿ ಬೇಡ. (ಆ ಡಬ್ಬಿ ಮಾರೋ ನನ್ನ ಫ್ರೆಂಡ್ಸ್ ಲಿಸ್ಟಿನ ಇಬ್ಬರು ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ.) ರಾಯಚೂರು, ಬಳ್ಳಾರಿ ಬಿಸಿಲಿಗೆ ಏಪ್ರಿಲ್‌ನಲ್ಲಿ ಎಂಟು ಗಂಟೆಗೆ ವಾಕಿಂಗ್ ಹೊರಡೋ ಸಾಹಸ ಬೇಡ, ಬೆಳಿಗ್ಗೆ ಆರರೊಳಗೆ ಮುಗಿಸಿ. ಆಗದಿದ್ದರೆ ಮನೆಯಲ್ಲೇ ಹದಿನೈದರಂತೆ ಮೂರು ಸುತ್ತು ಬೈಠಕ್. ಗರಡಿಮನೆ ಕಂಡ ಊರಿನವರಿಗೆ ಬೈಠಕ್ ಹೊಡೆಯೋದನ್ನ ನಾನು ಕಲಿಸಬೇಕಾ?

ಸೇದಬೇಕು ಅನ್ನೋ ಚಡಪಡಿಕೆ ಒಂದು ಸಲ ಎದ್ದರೆ ಐದರಿಂದ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಬಾಯಿಗೆ ಏನು ಅಂತ ಮೊದಲೇ ಇಟ್ಕೊಂಡಿರಬೇಕು. ಎರಡು ಲವಂಗ, ಯಾಲಕ್ಕಿ, ಬಡೆಸೋಪು, ಹೆಚ್ಚಿದ ಸೌತೆಕಾಯಿ, ನೀರು ಮಜ್ಜಿಗೆ. ಹಸಿವೇ ಆಗಿದ್ದರೆ ಒಂದು ಮುಷ್ಟಿ ಪುಟಾಣಿ, 30 ಗ್ರಾಂ, ಸುಮಾರು 110 ಕ್ಯಾಲೊರಿ. ಅದೇ 30 ಗ್ರಾಂ ಶೇಂಗಾ 170, ಮತ್ತೆ ಶೇಂಗಾ ಒಂದು ಮುಷ್ಟಿಗೆ ನಿಂತಿದ್ದನ್ನ ನಾನಂತೂ ನೋಡಿಲ್ಲ. ಅಡಿಕೆ ಬೇಡ. ತಂಬಾಕಿಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ. ತೂಕದ ಹೆದರಿಕೆಗೆ ಸಿಗರೇಟು ಬಿಟ್ಟು ಗುಟ್ಕಾ ಹಿಡಿಯೋ ಜಾಣರಿಗೆ ಏನು ಹೇಳಲಿ, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಊಟಕ್ಕೆ ನಮ್ಮಷ್ಟು ಅನುಕೂಲ ಯಾರಿಗಿದೆ? ಒಂದೂವರೆ ಜೋಳದ ರೊಟ್ಟಿ, ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಮೊಸರು. ರೊಟ್ಟಿ ಮುಗಿದ ಮೇಲೆ ಸೋನಾಮಸೂರಿ ಅನ್ನದ ಗುಡ್ಡ ಹಾಕೋದೇ ತಪ್ಪು, ಒಂದು ಸಣ್ಣ ಬಟ್ಟಲು ಸಾಕು. ನಾರಿನಂಶ ಇನ್ನೊಂದಕ್ಕೂ ಬೇಕು. ಬೆಳಿಗ್ಗೆ ಸಿಗರೇಟಿಲ್ಲದೆ ಸಂಡಾಸು ಆಗಲ್ಲ ಅನ್ನೋರು ಸುಳ್ಳು ಹೇಳ್ತಿಲ್ಲ, ನಿಕೋಟಿನ್ ಕರುಳನ್ನ ನಡೆಸ್ತಿತ್ತು. ಬಿಟ್ಟ ಮೇಲೆ ಕೆಲವು ವಾರ ಮಲಬದ್ಧತೆ ಮಾಮೂಲು. "ಹೊಟ್ಟಿ" ಅಂತ ತೋರಿಸ್ತಾರಲ್ಲ, ಅದರಲ್ಲಿ ಒಂದು ಪಾಲು ಬರೀ ಉಬ್ಬರ.

ಮೊದಲ ನಾಲ್ಕು ವಾರ ಕಟ್ಟುನಿಟ್ಟಿನ ಡಯಟ್ ಬೇಡವೇ ಬೇಡ ಅನ್ನೋದು ನನ್ನ ಮಾತು. ಹಸಿದ ಹೊಟ್ಟೆ ಮತ್ತು ಸಿಗರೇಟಿನ ಚಡಪಡಿಕೆ ಒಂದೇ ಥರ ಅನಿಸ್ತವೆ, ಎರಡೂ ಒಟ್ಟಿಗೆ ಬಂದರೆ ಸಿಗರೇಟೇ ಗೆಲ್ಲೋದು. ತೂಕ ವಾರಕ್ಕೊಮ್ಮೆ, ಪ್ರತಿ ಸಲ ಅದೇ ದಿನ, ಬೆಳಿಗ್ಗೆ ಬರಿಹೊಟ್ಟೆಗೆ ನೋಡಿ. ದಿನಾ ತೂಗಿದರೆ ನೀರಿನ ಏರಿಳಿತ ನೋಡಿ ತಲೆ ಕೆಡುತ್ತೆ ಅಷ್ಟೇ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟದಂತೆ ನೋಡ್ಕೊಳ್ಳಿ.

ಸಿಗರೇಟು ಬಿಡೋರು ಅಗಿಯೋ ನಿಕೋಟಿನ್ ಗಮ್ ತೂಕ ಏರೋದನ್ನ ಸ್ವಲ್ಪ ಮುಂದೂಡುತ್ತೆ, ಆದರೆ ಅದನ್ನ ಸರಿಯಾಗಿ ಅಗಿಯೋರೇ ಕಮ್ಮಿ. ಬಬಲ್‌ಗಮ್ ಥರ ಅಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ, "ಇದು ಆಗಲ್ಲ" ಅಂತ ಉಗಿಯೋದು. ನಿಧಾನ ಅಗಿದು, ಖಾರ ಖಾರ ಅನಿಸಿದ ಕೂಡಲೇ ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ ಇಡಬೇಕು. ಖಾರ ಹೋದ ಮೇಲೆ ಮತ್ತೆ ಅಗಿಯಬೇಕು, ಹೀಗೆ ಅರ್ಧ ಗಂಟೆ. ಹಾಕ್ಕೊಳ್ಳೋ ಕಾಲು ಗಂಟೆ ಮೊದಲಿಂದ ಚಹಾ, ಕಾಫಿ, ನಿಂಬೆ ಶರಬತ್ತು ಇಲ್ಲ, ಹುಳಿಗೆ ನಿಕೋಟಿನ್ ಹತ್ತಲ್ಲ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ತಿದ್ದವರಿಗೆ 2 ಮಿಲಿಗ್ರಾಂ ಸಾಲದು, 4ರದ್ದು ಡಾಕ್ಟರನ್ನ ಕೇಳಿ.

"ದಪ್ಪ ಆದ್ರೆ ಶುಗರ್ ಬರ್ತದ್ರೀ ಸರ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಪೂರ್ತಿ ಸುಳ್ಳಲ್ಲ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಟ್ಟು ತೂಕ ಏರಿದವರಿಗೆ ಕೆಲವು ವರ್ಷ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿತ್ತು, ಆಮೇಲೆ ಇಳೀತು. ಆದರೆ ಅದೇ ಅಧ್ಯಯನದ ಮುಂದಿನ ಸಾಲು ಓದಿ. ಹತ್ತು ಕೆಜಿಗಿಂತ ಹೆಚ್ಚು ಏರಿದವರಲ್ಲೂ ಹೃದಯದ ಕಾಯಿಲೆಯ ಸಾವು ಸೇದುತ್ತಲೇ ಇರೋರಿಗಿಂತ ಬಹಳ ಕಮ್ಮಿ. ಸೇದೋರಿಗೆ ಶುಗರ್ ಬರೋ ಅಪಾಯವೇ ಸೇದದವರಿಗಿಂತ ನೂರಕ್ಕೆ 30-40ರಷ್ಟು ಹೆಚ್ಚು ಅನ್ನೋದನ್ನ ಈ ಕಾಮೆಂಟಿನವರು ಹೇಳಲ್ಲ.

ಈ ತಿವಿಯೋ ಬೆರಳು ನನ್ನದೂ ಒಂದು ಕಾಲಕ್ಕೆ ಇತ್ತು, ಒಪ್ಪಿಕೊಳ್ತೀನಿ. ಅದಕ್ಕೇ ಇಷ್ಟು ಸಿಟ್ಟು.

ಬೆಳಿಗ್ಗೆ ಜಾರಿದ ಆ ಅಣ್ಣ ಇದನ್ನ ಓದ್ತಿದ್ರೆ, ಒಂದು ಸಿಗರೇಟಿಗೆ ಅರವತ್ತು ದಿನ ಸೊನ್ನೆ ಆಗಲ್ಲ, ಮೇಲೆ ನಾನು ಸಿಟ್ಟಲ್ಲಿ ಹಾಗೆ ಬರೆದೆ. ಉಳಿದ ಪ್ಯಾಕೆಟ್ ವಾಪಸ್ ಕೊಡ್ರಿ. 1800-11-2356ಕ್ಕೆ ಫೋನ್ ಮಾಡ್ರಿ, ಬಿಡೋರಿಗೆ ಸಲಹೆ ಕೊಡೋ ಸರ್ಕಾರದ ಉಚಿತ ನಂಬರು. ಆ ಗೆಳೆಯ ನಾಳೆ ಮತ್ತೆ ಬರ್ತಾನೆ. ಅವನ ಕೈಲೇ ಸಕ್ಕರಿ ಕಮ್ಮಿ ಚಹಾ ಹೇಳಿಸ್ರಿ, ರೊಕ್ಕ ಅವನೇ ಕೊಡ್ಲಿ.