ಮೂರನೆಯದು ಎಲ್ಲಿ ಮಲಗಬೇಕು?

ದೇಶಕ್ಕೆ ಮಕ್ಕಳು ಸಾಲುತ್ತಿಲ್ಲವಂತೆ. ಹಿಂದೆ ಗೋಡೆಗೋಡೆಗೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಳಿದು, 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ಕಿವಿ ತೂತಾಗುವಷ್ಟು ಹೇಳಿದರು. ನಾವು ಪೆದ್ದರು, ಕೇಳಿಬಿಟ್ಟೆವು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 3.4 ಮಕ್ಕಳಿದ್ದರು. 2019-21ರಲ್ಲಿ 2.0. ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ 1.7. ಹಾಗಾಗಿ ನಮ್ಮಂಥ ಮುಂಬೈ ಕನ್ನಡಿಗರನ್ನು ಯಾವ ರಾಜ್ಯದ ಲೆಕ್ಕಕ್ಕೆ ಹಾಕಿ ಬೈದರೂ ಬೈಗುಳ ಒಂದೇ.

ಈಗ ಗಾಳಿ ತಿರುಗಿದೆ. 2024ರಲ್ಲಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳನ್ನು ಹೆರಿ ಎಂದರು. ಅದೇ ವರ್ಷ ನಾಗಪುರದಲ್ಲಿ ಮೋಹನ್ ಭಾಗವತ್ ಮೂರಾದರೂ ಬೇಕು ಎಂದರು. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದು ಎಂಬ ಕಾನೂನನ್ನು ಆಂಧ್ರದವರು ಮಾತಿಗೆ ತಕ್ಕಂತೆ ತೆಗೆದೂಹಾಕಿದರು. ನಮ್ಮ ಮಹಾರಾಷ್ಟ್ರದ್ದು ಬೇರೆಯೇ ಕಥೆ. ಇಲ್ಲಿ 2005ರ ನಿಯಮದಂತೆ ಎರಡಕ್ಕಿಂತ ಜಾಸ್ತಿ ಮಕ್ಕಳಾದರೆ ಸರ್ಕಾರಿ ನೌಕರಿ ಇಲ್ಲ. ಮುನ್ಸಿಪಾಲಿಟಿ ಚುನಾವಣೆಗೂ ನಿಲ್ಲುವಂತಿಲ್ಲ. 1976ರಲ್ಲಂತೂ ಕಡ್ಡಾಯ ಆಪರೇಷನ್ನಿನ ಮಸೂದೆಯನ್ನೇ ಇಲ್ಲಿನ ವಿಧಾನಮಂಡಲ ಪಾಸು ಮಾಡಿತ್ತು. ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ, ಗಂಡಸರು ಬಚಾವಾದರು.

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮವರದೇ ಒಂದು ಸಮಾರಂಭ. ಅಧ್ಯಕ್ಷರು ಮೈಕು ಹಿಡಿದರು. "ನಮ್ಮಮ್ಮ ಏಳು ಹೆತ್ತರು. ಈಗಿನ ಹೆಣ್ಣುಮಕ್ಕಳಿಗೆ ಒಂದಕ್ಕೇ ಸುಸ್ತು!" ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಹೆರುವ ಕೆಲಸ ಅವರದ್ದಲ್ಲವಲ್ಲ.

ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ತೊಡೆಯ ಮೇಲಿದ್ದ ಮಗುವನ್ನು ಗಂಡನ ಕೈಗೆ ದಾಟಿಸಿ ಕೇಳಿದಳು: "ಅಂಕಲ್, ನಮ್ದು ಒನ್ ಬಿಎಚ್‌ಕೆ. ಬೆಡ್‌ರೂಮಲ್ಲಿ ಅತ್ತೆ, ಮಾವ. ಹಾಲಲ್ಲಿ ಸೋಫಾ ಬಿಚ್ಚಿದ್ರೆ ನಾವು ಮೂವರು. ಸೋಫಾ ಬಿಚ್ಚಿದ ಮೇಲೆ ಬಾತ್‌ರೂಮಿನ ಬಾಗಿಲು ಅರ್ಧ ಮಾತ್ರ ತೆಗೆಯೋಕಾಗುತ್ತೆ. ಬೆಳಿಗ್ಗೆ ಏಳೂಕಾಲಿನ ಲೋಕಲ್ಲಿಗೆ ನಾನು, ಏಳೂವರೆಯದಕ್ಕೆ ಇವರು. ಇನ್ನೆರಡು ಆದ್ರೆ ನೋಡ್ಕೊಳ್ಳೋರು ಯಾರು? ಆಂಟಿನ ಕಳಿಸ್ತೀರಾ?"

ಮೂಲೆಯಲ್ಲಿ ಕೂತಿದ್ದ ಆಂಟಿ, ಅಂದರೆ ಅಧ್ಯಕ್ಷರ ಹೆಂಡತಿ, ಮೊದಲ ಸಲ ತಲೆಯೆತ್ತಿದರು. ಗಂಡನ ಮುಖವನ್ನೇ ನೋಡಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ, ಎಲ್ಲವನ್ನೂ ಲೆಕ್ಕ ಹಾಕ್ತಾ ಕೂತ್ರೆ ದೇಶ ನಡೆಯುತ್ತಾ? ತ್ಯಾಗ ಮಾಡಬೇಕು."

"ಹಾಗಾದ್ರೆ ನಿಮ್ಮ ಮಗನಿಗೂ ಎರಡೇ ಅಲ್ವಾ, ಅಂಕಲ್?" ಹಿಂದಿನಿಂದ ಯಾರೋ ಕೂಗಿದರು.

"ಏಯ್, ಅವನ ವಿಷಯ ಬೇರೆ," ಎಂದರು ಅಧ್ಯಕ್ಷರು. "ಅವನನ್ನು ಕಾರ್ಪೊರೇಟರ್ ಎಲೆಕ್ಷನ್ನಿಗೆ ನಿಲ್ಲಿಸಬೇಕು ಅಂತಿದ್ದೀನಿ."