ಕೆಲಗೇರಿ ಕೆರೆಯ ಎಮ್ಮೆ

ನಮ್ಮ ಕಾಕಾ ಧಾರವಾಡದಲ್ಲಿ ಹೆಡ್‌ಮಾಸ್ತರಾಗಿದ್ದವರು, ಹೋದ ತಿಂಗಳು ರಿಟೈರ್ ಆದರು. ಸನ್ಮಾನಕ್ಕೆ 12x18 ಸೈಜಿನ ಫೋಟೊ ಫ್ರೇಮ್ ಹಾಕಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಯಲ್ಲಿ ಮ್ಯಾಕ್ ಇಟ್ಟುಕೊಂಡವನು ನಾನೊಬ್ಬನೇ, ಮ್ಯಾಕ್ ಇದ್ದವನಿಗೆ ಎಲ್ಲಾ ಬರುತ್ತದೆ ಅಂತ ನಮ್ಮವರ ನಂಬಿಕೆ.

ಫೋಟೊ ರೆಡಿ ಇತ್ತು. ಕೆಲಗೇರಿ ಕೆರೆ ದಂಡೆಯಲ್ಲಿ ವಾಕಿಂಗ್ ಹೋದಾಗ ಐಫೋನಿನಲ್ಲಿ ತೆಗೆದದ್ದು. ಮುಖದ ಮೇಲೆ ಒಂಚೂರು ನೆರಳು ಅಷ್ಟೇ, ಫೋಟೊ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನಲ್ಲಿ ತೆರೆದು ಬೆಳ್ಳಗೆ ಮಾಡಿದರೆ ಮುಗೀತು ಅಂದುಕೊಂಡೆ. ಗಿಂಪ್‌ನಲ್ಲಿ ಓಪನ್ ಒತ್ತಿ ಪಿಕ್ಚರ್ಸ್ ಫೋಲ್ಡರಿಗೆ ಹೋದರೆ ಅಲ್ಲಿ ಒಂದೇ ಒಂದು ಗಂಟು: ಮ್ಯಾಕಿನ ಫೋಟೋಸ್ ಆ್ಯಪ್ ಕಟ್ಟಿಟ್ಟ ಫೋಟೋಸ್ ಲೈಬ್ರರಿ. ಫೋಟೊ ಎಲ್ಲಾ ಅದರೊಳಗೇ ಇವೆ, ಆದರೆ ಬಾಗಿಲೇ ಇಲ್ಲ!

ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗನಿಗೆ ಫೋನ್ ಹಚ್ಚಿದೆ. "ಮಾಮಾ, ಮ್ಯಾಕಿನ್ಯಾಗ ಫೈಲ್ ತೋರ್ಸೋ ಫೈಂಡರ್‌ದಾಗ ಅದರ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಶೋ ಪ್ಯಾಕೇಜ್ ಕಂಟೆಂಟ್ಸ್ ಅಂತ ಒತ್ರಿ. ಆದ್ರ ಒಳಗ ಏನೂ ಮುಟ್ಟಬ್ಯಾಡ್ರಿ ಮತ್ತ, ಲೈಬ್ರರಿ ಕೆಟ್ಟುಹೋಗ್ತೈತಿ" ಅಂದ. ಒಳಗೆ ಒರಿಜಿನಲ್ಸ್ ಅಂತ ಫೋಲ್ಡರು, ಅದರೊಳಗೆ ಮತ್ತೆ 16 ಫೋಲ್ಡರು. 0ಯಿಂದ 9, ಆಮೇಲೆ ಎ-ಯಿಂದ ಎಫ್. ಒಂದೊಂದು ಫೈಲಿಗೂ 36 ಅಕ್ಷರದ ಹೆಸರು, ಕಾಕಾ ಅಂತ ಎರಡಕ್ಷರ ಎಲ್ಲೂ ಇಲ್ಲ.

ಒಂದೊಂದಾಗಿ ಗಿಂಪ್‌ಗೆ ಹಾಕುತ್ತಾ ಹೋದೆ. 4ರಲ್ಲಿ ಕರೆಂಟ್ ಬಿಲ್. 7ರಲ್ಲಿ ನನ್ನದೇ ಹೆಬ್ಬೆರಳು. ಬಿ-ಯಲ್ಲಿ ಯಾರದೋ ಮದುವೆಯ ಗೋಧಿ ಹುಗ್ಗಿ, ಒಂದೇ ಬಟ್ಟಲು ಆರು ಫೋಟೊ. ಊಟ ಬಿಟ್ಟು ಇದನ್ನೇಕೆ ತೆಗೆದೆನೋ ದೇವರೇ ಬಲ್ಲ. ಕೊನೆಗೆ ಡಿ-ಯಲ್ಲಿ ಕಾಕಾ ಸಿಕ್ಕರು, ಎಮ್ಮೆ ಸಮೇತ.

ಈ ಎಮ್ಮೆಯನ್ನು ನಾನು ಹಿಂದೆಯೇ ಫೋಟೋಸ್‌ನಲ್ಲಿ ಕತ್ತರಿಸಿ ಹಾಕಿದ್ದೆ. ಆದರೆ ಒರಿಜಿನಲ್ಸ್‌ನಲ್ಲಿರುವುದು ಫೋನಿನಿಂದ ಬಂದದ್ದು ಬಂದ ಹಾಗೇ, ನಾವು ಮಾಡಿದ ತಿದ್ದುಪಡಿ ಅದಕ್ಕೆ ತಟ್ಟುವುದಿಲ್ಲ. ಹೋಗಲಿ ಅಂತ ಕ್ಲೋನ್ ಟೂಲ್ ಹಿಡಿದು ಕೆರೆಯ ನೀರನ್ನೇ ಎಮ್ಮೆ ಮೇಲೆ ಬಳಿಯುತ್ತಾ ಕೂತೆ. ರಾತ್ರಿ ಒಂದಕ್ಕೆ ಎಮ್ಮೆ ಮುಳುಗಿತು. ಸೇವ್ ಮಾಡಿ ಮಲಗಿದೆ.

ಬೆಳಿಗ್ಗೆ ಸ್ಟುಡಿಯೋದವನು ಪೆನ್‌ಡ್ರೈವ್ ಹಾಕಿ ನನ್ನ ಮುಖ ನೋಡಿದ. "ಸರ, ಇದೇನ್ರಿ ಎಕ್ಸ್‌ಸಿಎಫ್? ನಮಗ ಜೆಪೆಗ್ ಬೇಕ್ರಿ." ಗಿಂಪ್‌ನಲ್ಲಿ 2012ರ 2.8 ಆವೃತ್ತಿಯಿಂದಲೂ ಸೇವ್ ಅಂದರೆ ಅದರದ್ದೇ ಎಕ್ಸ್‌ಸಿಎಫ್ ಫೈಲು, ಜೆಪೆಗ್ ಬೇಕಿದ್ದರೆ ಎಕ್ಸ್‌ಪೋರ್ಟ್ ಒತ್ತಬೇಕು. ಬಿಸಿಲಲ್ಲಿ ಮನೆಗೆ ಬಂದು ಅದನ್ನೂ ಒತ್ತಿದೆ.

ಸನ್ಮಾನದ ದಿನ ಅಕ್ಕನ ಮಗ ಪೇಡೆ ತಿನ್ನುತ್ತಾ ಎಲ್ಲಾ ಕೇಳಿಸಿಕೊಂಡ. "ಅಷ್ಟ್ಯಾಕ ಮಾಮಾ? ಫೋಟೋಸ್‌ನಿಂದ ಎಳದು ಡೆಸ್ಕ್‌ಟಾಪಿಗೆ ಬಿಟ್ಟಿದ್ರ ಸಾಕಿತ್ತಲ್ರಿ. ನೀವು ಕತ್ತರಿಸಿದ್ದ ಫೋಟೊನ ಬರ್ತಿತ್ತು, ಎಮ್ಮಿ ಇಲ್ದ."

ಇದನ್ನು ಮೊನ್ನೆ ಹೇಳಬಾರದಿತ್ತಾ? "ನೀವು ಬಾಗಲಾ ಎಲ್ಲೈತಿ ಅಂತ ಅಷ್ಟ ಕೇಳಿದ್ರಿ" ಅಂದ.

ಅಷ್ಟರಲ್ಲಿ ಫ್ರೇಮಿನ ಮುಂದೆ ಕಾಕು ಕನ್ನಡಕ ಏರಿಸಿ ನಿಂತಿದ್ದರು. ಕಾಕಾನ ಬಲಗಿವಿಯ ಮೇಲೆ ಬೆಳ್ಳಗೆ ಏನೋ ಒಂದು. ಎಮ್ಮೆ ಪೂರ್ತಿ ಮುಳುಗಿತ್ತು ನಿಜ, ಬಾಲದ ತುದಿಯ ಬಿಳಿ ಕೂದಲು ಮಾತ್ರ ನನ್ನ ಕೈ ತಪ್ಪಿಸಿಕೊಂಡಿತ್ತು.

"ಏನ್ರೀ, ನಿಮ್ಮ ಕಿವಿಮ್ಯಾಲೆ ಹೂ ಇಟ್ಟಾರ ಯಾರರೆ?" ಅಂದರು ಕಾಕು.

ಕಾಕಾ ನನ್ನ ಕಡೆ ನೋಡಿದರು. ನಾನು ಪೇಡೆ ಡಬ್ಬಿ ಹಿಡಿದು ಹಿಂದಿನ ಸಾಲಿಗೆ ಹೋದೆ.