ಸ್ಪಷ್ಟನೆ: ಪೊಲೀಸರ ಮುಂದೆ ಒಪ್ಪಿಕೊಂಡರೆ ಕೇಸ್ ಮುಗಿಯುವುದಿಲ್ಲ

"ಆರೋಪಿ ಪೊಲೀಸರ ಮುಂದೆ ಎಲ್ಲಾ ಬಾಯಿಬಿಟ್ಟಾಯ್ತು, ಇನ್ನೂ ಕೋರ್ಟ್ ಯಾಕೆ ಎಳೀತಿದೆ?" ಕ್ರೈಂ ಕಾರ್ಯಕ್ರಮಗಳ ತುಣುಕುಗಳ ಜೊತೆ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು.

ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಹೇಳಿದ್ದು ಇದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನಲ್ಲೂ ಅದೇ ಇದೆ. ಲಾಠಿ ಏಟು ಬಿದ್ದರೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ, ಅಲ್ವಾ? ಬ್ರಿಟಿಷರಿಗೇ ಇದು ಗೊತ್ತಿತ್ತು.

ಹಾಗಂತ ಹೇಳಿಕೆ ಪೂರ್ತಿ ವ್ಯರ್ಥವಲ್ಲ. ಬಂಧನದಲ್ಲಿರುವ ಆರೋಪಿ ಹೇಳಿದ ಜಾಗದಲ್ಲಿ ಚಾಕು ಸಿಕ್ಕರೆ, ಅದು ಸಿಗಲು ಕಾರಣವಾದ ಮಾತಿನಷ್ಟನ್ನು ಮಾತ್ರ ಕೋರ್ಟ್ ಪರಿಗಣಿಸಬಹುದು. ಸ್ವಂತ ಇಚ್ಛೆಯಿಂದ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಕೊಂಡರೆ ಅದಕ್ಕೂ ಬೆಲೆ ಇದೆ. ಕೋಕಾದಂಥ (ಕರ್ನಾಟಕದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ) ವಿಶೇಷ ಕಾಯ್ದೆಗಳ ಲೆಕ್ಕ ಬೇರೆ.

ಸ್ಟುಡಿಯೋದಲ್ಲಿ ಕೂತವರ "ಮಂಪರು ಪರೀಕ್ಷೆ ಮಾಡಿಸಿ" ಎಂಬ ಕೂಗೂ ಸುಮ್ನೆ ಅಬ್ಬರವೇ ಜಾಸ್ತಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಒಪ್ಪಿ ಮಾಡಿಸಿಕೊಂಡರೂ ಮಂಪರಿನಲ್ಲಿ ಆಡಿದ ಮಾತೇ ಸಾಕ್ಷಿಯಾಗುವುದಿಲ್ಲ.